ಗೋ ವೆಂಟ್ ಗಾನ್

ಪಿಎಚ್.ಡಿ. ಮಾಡುತ್ತಲೇ ವಾರಕ್ಕೆ ಮೂರು ದಿನ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮೊದಲ ವರ್ಷದ ತರಗತಿ. ಅರ್ಧಕ್ಕಿಂತ ಹೆಚ್ಚು ಮಂದಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಕಳೆದ ವರ್ಷ ಅವರಿಗೆ ರಜೆಯಲ್ಲಿ ಏನು ಮಾಡಿದಿರಿ ಎಂಬ ಬಗ್ಗೆ ಹತ್ತು ಸಾಲು ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಹತ್ತರಲ್ಲಿ ಆರು ಸಾಲುಗಳಲ್ಲಿ 'ಗೋಡ್' ಎಂದು ಬರೆದಿದ್ದ. ಜಾತ್ರೆಗೆ ಗೋಡ್, ಮಾವನ ಮನೆಗೆ ಗೋಡ್, ಅಡಿಕೆ ತೋಟಕ್ಕೆ ಗೋಡ್. ಆರಕ್ಕೂ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ 'ವೆಂಟ್' ಎಂದು ಬರೆದು ಕೊಟ್ಟೆ.

ಕ್ಲಾಸು ಮುಗಿದ ಮೇಲೆ ಅವನು ಪುಸ್ತಕ ಹಿಡಿದುಕೊಂಡು ಮೇಜಿನ ಹತ್ತಿರ ಬಂದ. "ಮೇಡಂ, ಒಂದು ಡೌಟು. ವಾಕ್ ಅಂದ್ರೆ ವಾಕ್ಡ್, ಜಂಪ್ ಅಂದ್ರೆ ಜಂಪ್ಡ್. ಗೋ ಅಂದ್ರೆ ವೆಂಟ್ ಯಾಕೆ? ಅದರೊಳಗೆ ಗೋ ಎಲ್ಲಿದೆ?"

"ಅದು ಹಾಗೇ ಕಣಪ್ಪ, ಬಾಯಿಪಾಠ ಮಾಡ್ಕೋಬೇಕು" ಅಂದೆ. ಅವನು ತಲೆಯಾಡಿಸಿ ಹೋದ. ನನಗೆ ಮಾತ್ರ ನಾಚಿಕೆಯಾಯಿತು. ಯಾಕೆಂದರೆ ನನ್ನ ಸಂಶೋಧನೆಯ ವಿಷಯವೇ ಇಂಗ್ಲಿಷ್ ಮತ್ತು ಕನ್ನಡದ ಚಲನೆಯ ಕ್ರಿಯಾಪದಗಳು. ಹೋಗು, ಬರು, ಏಳು, ಇಳಿ, ಹತ್ತು, ದಾಟು. ನಾಲ್ಕು ವರ್ಷದಿಂದ ಅದನ್ನೇ ಓದುತ್ತಿರುವವಳು, ಹದಿನೆಂಟು ವರ್ಷದ ಹುಡುಗ ಕೇಳಿದ ಮೊದಲ ಪ್ರಶ್ನೆಗೇ ನನ್ನ ಮೇಷ್ಟ್ರು ನನಗೆ ಹೇಳಿದ್ದ ಉತ್ತರವನ್ನೇ ದಾಟಿಸಿಬಿಟ್ಟಿದ್ದೆ.

ನಾವು ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಲಿತವರು. ಆರಕ್ಕೆ ಬರುವ ಹೊತ್ತಿಗೆ ಮೇಷ್ಟ್ರು ಕ್ರಿಯಾಪದಗಳ ಮೂರು ರೂಪಗಳನ್ನು ಮಗ್ಗಿಯ ರಾಗದಲ್ಲೇ ಹೇಳಿಸುತ್ತಿದ್ದರು. ಎರಡೊಂದ್ಲ ಎರಡು ಮುಗಿದ ಕೂಡಲೇ ಗೋ ವೆಂಟ್ ಗಾನ್, ಕಮ್ ಕೇಮ್ ಕಮ್. ಬೇವಿನ ಮರದ ಕೆಳಗೆ ಮೂವತ್ತು ಮಕ್ಕಳು ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಕೂಗುತ್ತಿದ್ದೆವು. ನನಗೆ ಬಹಳ ದಿನ 'ಗೋ' ಅಂದರೆ ಗೋವು ಎಂದೇ ಅನ್ನಿಸುತ್ತಿತ್ತು. ಗೋಮಾಳಕ್ಕೆ ಹೋದ ದನ ಸಂಜೆಗೆ ಗಾನ್ ಆಗಿ ಕಾಣೆಯಾಗುವ ಒಂದು ಕಥೆಯನ್ನೂ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ವೆಂಟ್ ಎಲ್ಲಿಂದ ಬಂತು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಹನ್ನೆರಡೊಂಬತ್ಲ ನೂರೆಂಟು ಯಾಕೆ ಎಂದು ಯಾರು ಕೇಳುತ್ತಾರೆ?

ಆ ಹುಡುಗನ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಮರುದಿನ ಗ್ರಂಥಾಲಯಕ್ಕೆ ಹೋದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿ 1884ರಿಂದ 1928ರವರೆಗೆ ಕಂತುಕಂತಾಗಿ ಬಂದದ್ದು. ಅದರ ದೊಡ್ಡ ಸಂಪುಟಗಳು ಈಗ ಯಾರೂ ಮುಟ್ಟದ ಮೂಲೆಯಲ್ಲಿವೆ. ಈ ಪುಟ್ಟ ಎರಡಕ್ಷರದ ಪದಕ್ಕೆ ಅಲ್ಲಿ ಪುಟಗಟ್ಟಲೆ ಜಾಗ. ಓದುತ್ತಾ ಹೋದಂತೆ ತಿಳಿದದ್ದು ಇಷ್ಟು: ಗೋ ಮತ್ತು ವೆಂಟ್ ಒಂದೇ ಪದದ ಎರಡು ರೂಪಗಳಲ್ಲ. ಅವು ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ ಎರಡು ಪದಗಳು. ಒಂದು ಮನೆಯ ಯಜಮಾನ ಇಲ್ಲವಾದಾಗ ಇನ್ನೊಂದು ಮನೆಯವನು ಬಂದು ಆ ಜಾಗದಲ್ಲಿ ಕುಳಿತಿದ್ದಾನೆ.

ಹಳೆಯ ಇಂಗ್ಲಿಷಿನಲ್ಲಿ ಹೋಗು ಎಂಬುದಕ್ಕೆ 'ಗಾನ್' ಎಂಬ ಪದವಿತ್ತು. ಜರ್ಮನ್ನಿನ 'ಗೇಯೆನ್', ಡಚ್ಚಿನ 'ಗಾನ್' ಇದರ ಅಣ್ಣತಮ್ಮಂದಿರು. ಅದರ ಮೊದಲ ಅರ್ಥ ಕಾಲಿಂದ ನಡೆಯುವುದು. ಕುದುರೆ ಏರಿ ಹೋಗುವುದಕ್ಕೆ 'ರೈಡ್', ಕಾಲ್ನಡಿಗೆಗೆ 'ಗೋ' ಎಂಬ ವ್ಯತ್ಯಾಸ ಬಹುಕಾಲ ಉಳಿದಿತ್ತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಈ ಪದಕ್ಕೆ ಮೊದಲು ಕೊಡುವ ಅರ್ಥವೂ ನಡೆ, ಹೆಜ್ಜೆ ಹೆಜ್ಜೆಯಾಗಿ ಸಾಗು ಎಂಬುದೇ. ಇವತ್ತು ರೇಸಿಗೆ ಬಳಸುವ 'ಗೋ-ಕಾರ್ಟ್' ಎಂಬ ಹೆಸರು ಹದಿನೇಳನೇ ಶತಮಾನದಲ್ಲಿ ಮಗುವನ್ನು ನಡೆಯಲು ಕಲಿಸುವ ಚಕ್ರದ ಚೌಕಟ್ಟಿನ ಹೆಸರಾಗಿತ್ತು. ನಮ್ಮ ಮನೆಯ ಅಟ್ಟದ ಮೇಲೂ ಅಂಥ ಮೂರು ಚಕ್ರದ ಮರದ ಗಾಡಿ ಒಂದಿತ್ತು. ಅಪ್ಪ, ಚಿಕ್ಕಪ್ಪ, ನಾನು, ನನ್ನ ತಮ್ಮ ಎಲ್ಲರೂ ಅದನ್ನು ತಳ್ಳಿಕೊಂಡೇ ಕಾಲು ಕಲಿತವರು. ನಮ್ಮ ಕಡೆಯೂ 'ನಡಿ' ಅಂದರೆ ಕಾಲಾಡಿಸು ಎಂದೂ ಹೌದು, ಹೊರಡು ಎಂದೂ ಹೌದು.

ಈ ಗಾನ್ ಪದಕ್ಕೆ ಭೂತಕಾಲದಲ್ಲಿ ಆಗಲೂ ತನ್ನದೇ ರೂಪವಿರಲಿಲ್ಲ. 'ಏಯೋದೆ' ಎಂಬ ಬೇರೊಂದು ಪದವನ್ನು ಬಳಸುತ್ತಿದ್ದರು. ನೋಡಿದ ಕೂಡಲೇ ನನಗೆ ಕನ್ನಡದ 'ಹೋದೆ' ಕೇಳಿಸಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಬರಿಯ ಕಾಕತಾಳೀಯ. ಆದರೂ ಆ ಪುಟದ ಮುಂದೆ ಸ್ವಲ್ಪ ಹೊತ್ತು ಕುಳಿತಿದ್ದೆ. ಮುಂದೆ ಈ ಏಯೋದೆ ಸವೆದು 'ಯೇದೆ', 'ಯೋದೆ' ಎಂದೆಲ್ಲ ಊರಿಗೊಂದು ರೂಪ ತಾಳಿತು.

ಅದೇ ಕಾಲಕ್ಕೆ 'ವೆಂಡ್' ಎಂಬ ಇನ್ನೊಂದು ಕ್ರಿಯಾಪದ ಚೆನ್ನಾಗಿ ಓಡಾಡಿಕೊಂಡಿತ್ತು. ಅದರ ಮೂಲಾರ್ಥ ತಿರುಗಿಸು. ಹಳೆಯ ಇಂಗ್ಲಿಷಿನಲ್ಲಿ 'ವಿಂಡನ್' ಅಂದರೆ ಸುತ್ತು, ತಿರುಗು. 'ವೆಂಡನ್' ಅಂದರೆ ತಿರುಗುವಂತೆ ಮಾಡು. ನಮ್ಮ ತಿರುಗು–ತಿರುಗಿಸು ಜೋಡಿಯ ಹಾಗೆಯೇ. ತಿರುಗುವ ಪದ ಹೋಗುವ ಪದವಾಗುವುದು ನಮಗೇನೂ ಹೊಸದಲ್ಲ. 'ಊರೂರು ತಿರುಗಿದ' ಅಂದರೆ ಯಾರೂ ಬುಗುರಿಯನ್ನು ನೆನೆಯುವುದಿಲ್ಲ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಚಾಸರ್ 'ಕ್ಯಾಂಟರ್ಬರಿ ಕಥೆಗಳು' ಬರೆಯುವಾಗ, ನಾಡಿನ ಮೂಲೆಮೂಲೆಯಿಂದ ಯಾತ್ರಿಕರು ಕ್ಯಾಂಟರ್ಬರಿಗೆ ಹೋಗುವುದಕ್ಕೆ ಬಳಸಿದ ಕ್ರಿಯಾಪದವೂ ಈ ವೆಂಡ್ ಎಂಬುದೇ. ಇದರ ಭೂತಕಾಲ ವೆಂಟ್. ಹದಿನೈದನೇ ಶತಮಾನ ಕಳೆಯುವಷ್ಟರಲ್ಲಿ ದಕ್ಷಿಣದ ಇಂಗ್ಲಿಷಿನಲ್ಲಿ ಯೇದೆ ಮರೆಯಾಗಿ ಅದರ ಜಾಗಕ್ಕೆ ವೆಂಟ್ ಬಂದು ನೆಲೆಯಾಯಿತು. ತನ್ನ ವೆಂಟನ್ನು ಕಳೆದುಕೊಂಡ ವೆಂಡ್ 'ವೆಂಡೆಡ್' ಎಂಬ ಹೊಸ ಭೂತಕಾಲ ಹೊಲಿಸಿಕೊಂಡು, ಇವತ್ತು ದಾರಿ ಹಿಡಿದು ಸಾಗುವುದನ್ನು ಹೇಳುವ ಒಂದೇ ಒಂದು ನುಡಿಗಟ್ಟಿನಲ್ಲಿ ಹೇಗೋ ಬದುಕಿದೆ.

ಸೋಮವಾರ ಕ್ಲಾಸಿಗೆ ಹೋದವಳೇ ಹಲಗೆಯ ಮೇಲೆ ಬರೆದೆ: ಸೆಂಡ್–ಸೆಂಟ್, ಬೆಂಡ್–ಬೆಂಟ್, ಲೆಂಡ್–ಲೆಂಟ್, ಸ್ಪೆಂಡ್–ಸ್ಪೆಂಟ್. ಕೆಳಗೆ ವೆಂಡ್ ಎಂದು ಬರೆದು ಮುಂದೆ ಖಾಲಿ ಬಿಟ್ಟು ತಿರುಗಿದೆ. ಇಡೀ ತರಗತಿ "ವೆಂಟ್!" ಎಂದು ಕೂಗಿತು. ಕೂಗಿದ ಮೇಲೆ ಏನು ಕೂಗಿದೆವು ಎಂಬುದು ಹೊಳೆದು ಒಂದು ಕ್ಷಣ ಸುಮ್ಮನಾದರು. ಕೊನೆಯ ಬೆಂಚಿನಲ್ಲಿ ಆ ಹುಡುಗ ನಗುತ್ತಿದ್ದ.

ಅವನಿಗೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು, ಹೇಳಿದೆ. ನೀನು ಬರೆದ 'ಗೋಡ್' ಪರೀಕ್ಷೆಯಲ್ಲಿ ತಪ್ಪು, ಆದರೆ ಯೋಚನೆಯಲ್ಲಿ ತಪ್ಪಲ್ಲ. ಸ್ಕಾಟ್ಲೆಂಡಿನ ಜನ ವೆಂಟನ್ನು ತಂದುಕೊಳ್ಳದೆ ತಮ್ಮ ಗೋ ಪದಕ್ಕೇ ಬಾಲ ಹಚ್ಚಿ 'ಗೇಡ್' ಎಂದರು. ಹದಿನೆಂಟನೇ ಶತಮಾನದ ಅವರ ದೊಡ್ಡ ಕವಿ ರಾಬರ್ಟ್ ಬರ್ನ್ಸ್ ಬರೆದದ್ದೂ ಗೇಡ್ ಎಂದೇ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಮೊದಮೊದಲು ದೊಡ್ಡವರಿಂದ ಕೇಳಿದ ವೆಂಟನ್ನು ಹಾಗೇ ಹೇಳುತ್ತವೆ. ಆಮೇಲೆ ನಿಯಮ ಗೊತ್ತಾದ ಕೂಡಲೇ ಗೋಡ್ ಎನ್ನಲು ಶುರು ಮಾಡಿ, ಕೊನೆಗೆ ಮತ್ತೆ ವೆಂಟಿಗೆ ಮರಳುತ್ತವೆ. ಜೀನ್ ಬರ್ಕೋ ಎಂಬಾಕೆ 1958ರಲ್ಲಿ ಯಾರೂ ಕೇಳಿರದ ಸುಳ್ಳುಪದಗಳನ್ನು ಮಕ್ಕಳಿಗೆ ಕೊಟ್ಟು, ಅವು ಬರಿಯ ಗಿಳಿಪಾಠ ಒಪ್ಪಿಸುವುದಿಲ್ಲ, ಒಳಗೊಳಗೇ ನಿಯಮ ಕಟ್ಟಿಕೊಳ್ಳುತ್ತವೆ ಎಂದು ತೋರಿಸಿದರು. ತಪ್ಪು ಮಾಡುವ ಮಗು ಕಲಿಯುತ್ತಿರುವ ಮಗು.

ಹೀಗೆ ಒಂದು ಪದದ ಹರಿದ ಭಾಗಕ್ಕೆ ಇನ್ನೊಂದು ಪದದ ತುಂಡನ್ನು ತೇಪೆ ಹಾಕುವುದು ಇಂಗ್ಲಿಷಿನ ಸೊತ್ತೇನಲ್ಲ. 1899ರಲ್ಲಿ ಹೆರ್ಮನ್ ಓಸ್ಟಾಫ್ ಎಂಬ ಜರ್ಮನ್ ವಿದ್ವಾಂಸ ಇದರ ಮೇಲೇ ಒಂದು ಪುಸ್ತಕ ಬರೆದ. ಹಾಸ್ಟೆಲಿನ ನನ್ನ ರೂಮ್‌ಮೇಟ್ ಹಿಂದಿಯವಳು. ಅವಳ 'ಜಾನಾ' ಭೂತಕಾಲದಲ್ಲಿ 'ಗಯಾ' ಆಗುತ್ತದೆ. ಜಾ ಬಂದದ್ದು ಸಂಸ್ಕೃತದ 'ಯಾ' ಧಾತುವಿನಿಂದ, ಗಯಾ ಬಂದದ್ದು 'ಗಮ್' ಧಾತುವಿನ ಗತ ಎಂಬ ರೂಪದಿಂದ. ಇಪ್ಪತ್ತಾರು ವರ್ಷ ಆ ಮಾತಾಡಿದ್ದರೂ ಅವಳಿಗೆ ಇದು ಎಂದೂ ಕಂಡಿರಲಿಲ್ಲ. "ನಿಮ್ಮಲ್ಲಿ?" ಎಂದು ಕೇಳಿದಳು. ಕನ್ನಡದಲ್ಲಿ ಹೋಗು ಸ್ವಲ್ಪ ಮೊಂಡ, ಅಷ್ಟೇ. ಕೂಗು–ಕೂಗಿದ, ಸಾಗು–ಸಾಗಿದ ಎಂಬ ಲೆಕ್ಕದಲ್ಲಿ 'ಹೋಗಿದ' ಆಗಬೇಕಿತ್ತು, 'ಹೋದ' ಆಗಿದೆ. ಆದರೆ ಮನೆ ಒಂದೇ. ಹಳಗನ್ನಡದ 'ಪೋಗು' ಬಾಯಿ ಸವೆದು ಹೋಗು ಆಯಿತು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಆ ಪಕಾರ ಇವತ್ತೂ ಇದೆ. ಹೆಚ್ಚು ಬಳಸುವ ಪಾತ್ರೆಯೇ ಮೊದಲು ಸೊಟ್ಟಗಾಗುತ್ತದೆ. ಇರು, ಬರು, ತರು, ಹೋಗು, ಆಗು, ಕೊಡು: ದಿನ ಬೆಳಗಾದರೆ ಬೇಕಾಗುವ ಈ ಪದಗಳೇ ನಿಯಮಕ್ಕೆ ಬಗ್ಗದವು. ಇಂಗ್ಲಿಷಿನಲ್ಲೂ ಅಷ್ಟೇ.

ಗಮ್ ಎಂದಾಗ ನನ್ನ ಒಂದು ಹಳೆಯ ಪೇಚಾಟ ನೆನಪಾಗುತ್ತದೆ. ಪಿಎಚ್.ಡಿ. ಸೇರಿದ ಮೊದಲ ವರ್ಷ ಒಂದು ಸೆಮಿನಾರಿನಲ್ಲಿ ಬಹಳ ಧೈರ್ಯದಿಂದ, ಸಂಸ್ಕೃತದ 'ಗಮ್' ಮತ್ತು ಇಂಗ್ಲಿಷಿನ 'ಗೋ' ಒಂದೇ ಮೂಲದವು, ಎರಡರಲ್ಲೂ ಗಕಾರ ಇರುವುದೇ ಸಾಕ್ಷಿ ಎಂದು ಹೇಳಿಬಿಟ್ಟೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ನಿಧಾನವಾಗಿ ಎದ್ದು, "ಗಕಾರ ಇರುವುದೇ ಸಂಬಂಧ ಇಲ್ಲ ಅನ್ನೋದಕ್ಕೆ ಸಾಕ್ಷಿ ಕಣಮ್ಮ" ಅಂದರು. ಕಿನ್ನರಿ ಕಥೆಗಳ ಸೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಧ್ವನಿನಿಯಮದ ಪ್ರಕಾರ, ಇಂಥ ಕಡೆ ಸಂಸ್ಕೃತದ ಗಕಾರ ಇಂಗ್ಲಿಷಿನಲ್ಲಿ ಕಕಾರವಾಗುತ್ತದೆ. ಸಂಸ್ಕೃತದ ಗೋ ಇಂಗ್ಲಿಷಿನಲ್ಲಿ ಕೌ. ಹಾಗೆಯೇ ಸಂಸ್ಕೃತದ ಗಮ್ ಇಂಗ್ಲಿಷಿನಲ್ಲಿ ಕಮ್.

ಕಮ್! ಅಂದರೆ ಬಾ. ಒಂದೇ ಬೇರು, ಇಲ್ಲಿ ಹೋಗು ಎಂದಾಯಿತು, ಅಲ್ಲಿ ಬಾ ಎಂದಾಯಿತು. ಅಂದು ನಾಚಿಕೆಯಲ್ಲಿ ತಲೆ ತಗ್ಗಿಸಿ ಕುಳಿತವಳಿಗೆ ಇದರ ಸೊಗಸು ಕಾಣಲಿಲ್ಲ. ಕಾಣಲು ಊರಿಗೆ ಹೋಗಬೇಕಾಯಿತು.

ನಮ್ಮೂರು ಅರಸೀಕೆರೆ ಹತ್ತಿರ. ಮನೆಯಲ್ಲಿ ಅಜ್ಜಿ ಇದ್ದರು, ಅಪ್ಪನ ತಾಯಿ. ಓದು ಬರಹ ಇಲ್ಲ. ಆದರೆ ಮನೆಯ ವ್ಯಾಕರಣವೆಲ್ಲ ಅವರದೇ. ದೀಪ 'ಆರಿಸು' ಅನ್ನಬಾರದು, 'ದೊಡ್ಡದು ಮಾಡು' ಅನ್ನಬೇಕು. ಅಕ್ಕಿ 'ಇಲ್ಲ' ಅನ್ನಬಾರದು, 'ತುಂಬೈತೆ' ಅನ್ನಬೇಕು. ಹೊರಡುವಾಗ 'ಹೋಗ್ತೀನಿ' ಅಂತೂ ಸುತರಾಂ ಕೂಡದು. ಬಾಯಿತಪ್ಪಿ ಅಂದರೆ ಎಲ್ಲಿದ್ದರೂ ಕೂಗುತ್ತಿದ್ದರು: "ಹೋಯ್ತೀನಿ ಅನ್ಬಾರ್ದು ಕಣವ್ವ, ಬತ್ತೀನಿ ಅನ್ನು." ವಾಪಸು ಬಂದು ಹೊಸಿಲ ಹತ್ತಿರ ನಿಂತು "ಬರ್ತೀನಿ" ಅನ್ನುವವರೆಗೆ ಬಿಡುತ್ತಿರಲಿಲ್ಲ.

ಇದನ್ನೊಂದು ಮೂಢನಂಬಿಕೆ ಎಂದುಕೊಂಡೇ ನಾನು ಬೆಳೆದೆ. ಎಂ.ಎ. ಓದುವಾಗ ಚಾರ್ಲ್ಸ್ ಫಿಲ್ಮೋರ್ ಎಂಬ ಭಾಷಾವಿಜ್ಞಾನಿ 1971ರಲ್ಲಿ ಸಾಂತಾಕ್ರೂಸ್‌ನಲ್ಲಿ ಕೊಟ್ಟ ಉಪನ್ಯಾಸಗಳು ಕೈಗೆ ಬಂದವು. ಅವುಗಳಲ್ಲಿ ಒಂದು ಪೂರ್ತಿ ಕಮ್ ಮತ್ತು ಗೋ ಕುರಿತದ್ದು. ನಡೆ, ಓಡು, ಈಜು ಎಂಬವು ಹೇಗೆ ಚಲಿಸುತ್ತೇವೆ ಎಂಬುದನ್ನು ಹೇಳುತ್ತವೆ. ಹೋಗು–ಬರು ಹಾಗಲ್ಲ. ಮಾತಾಡುವವರು, ಕೇಳುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಅವುಗಳ ಆಯ್ಕೆ. ಒಂದೇ ಬಸ್ಸು ಹತ್ತಿದ ಒಬ್ಬನೇ ಮನುಷ್ಯ, ಬೀಳ್ಕೊಟ್ಟವರಿಗೆ ಹೋದ, ಎದುರುಗೊಳ್ಳುವವರಿಗೆ ಬಂದ. ಅಂದಮೇಲೆ ಮನೆಯಿಂದ ಹೊರಗೆ ಕಾಲಿಡುತ್ತಾ 'ಬರ್ತೀನಿ' ಅನ್ನುವವಳು ಏನು ಮಾಡುತ್ತಿದ್ದಾಳೆ? ಕಾಲು ಹೊರಗಿಟ್ಟರೂ ನಿಂತ ಜಾಗವನ್ನು ಒಳಗೇ ಬಿಟ್ಟಿದ್ದಾಳೆ. ಹೊಸಿಲೊಳಗೆ ನಿಂತು ತನ್ನನ್ನೇ ತಾನು ಎದುರು ನೋಡುತ್ತಿದ್ದಾಳೆ. ಅಜ್ಜಿ ತಿದ್ದುತ್ತಿದ್ದದ್ದು ಅದನ್ನು.

ನಮ್ಮಲ್ಲಿ ಮಾತ್ರವಲ್ಲ. ತಮಿಳರು 'ಪೋಯಿಟ್ಟು ವರೇನ್' ಎನ್ನುತ್ತಾರೆ, ತುಳುವರು 'ಪೋದು ಬರ್ಪೆ' ಎನ್ನುತ್ತಾರೆ, ಮರಾಠಿಯ ಗಂಡಸು ಎದ್ದು ಹೊರಡುವಾಗ 'ಯೇತೋ', ಬರ್ತೀನಿ ಎನ್ನುತ್ತಾನೆ. ಇಂಗ್ಲಿಷಿನವರಿಗೆ ಈ ಹಂಗಿಲ್ಲ. ಅವರು ಗೋಯಿಂಗ್ ಎಂದು ಹೇಳಿಯೇ ಹೊರಡಬಲ್ಲರು. ಆ ಪದ ಅವರಿಗೆ ಬೇರೆ ಕೆಲಸ ಮಾಡಿಕೊಡುತ್ತದೆ. ಇಂಥ ಕೆಲಸಕ್ಕೆಂದು ಹೋಗುತ್ತಿದ್ದೇನೆ ಎಂಬ ಮಾತೇ ಮುಂದೆ, ಇಂಥ ಕೆಲಸ ಮಾಡಲಿದ್ದೇನೆ ಎಂಬ ಅರ್ಥಕ್ಕೆ ತಿರುಗಿ, ಹದಿನೇಳನೇ ಶತಮಾನದ ಹೊತ್ತಿಗೆ 'ಗೋಯಿಂಗ್ ಟು' ಭವಿಷ್ಯತ್ಕಾಲದ ಗುರುತೇ ಆಯಿತು. ಕುರ್ಚಿಯಿಂದ ಏಳದೆಯೂ ಅವರು ಗೋಯಿಂಗ್ ಟು ಎನ್ನಬಹುದು. ಅಲ್ಲಿ ಗೋ ಮುಂದಕ್ಕೆ ನೋಡುತ್ತದೆ. ಕನ್ನಡದ ಹೋಗು ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಿದ್ದಾಗ ಹಿಂದಕ್ಕೆ ನೋಡುತ್ತದೆ. ಬಿದ್ದುಹೋಯಿತು, ಒಡೆದುಹೋಯಿತು, ಕಳೆದುಹೋಯಿತು, ಮರೆತುಹೋಯಿತು. ಇನ್ನು ಕೈಗೆ ಸಿಗದು ಎಂಬುದನ್ನೆಲ್ಲ ನಾವು ಈ ಪದದ ಕೈಯಲ್ಲೇ ಕೊಟ್ಟು ಕಳಿಸುತ್ತೇವೆ. ಏನೋ ಮಾಡಲು ಹೋದೆ ಅಂದರೂ ಸಾಕು, ಅದು ಕೆಟ್ಟಿತು ಎಂದು ಕೇಳುವವರಿಗೆ ಗೊತ್ತಾಗುತ್ತದೆ.

ಇದನ್ನೆಲ್ಲ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಬರೆದಿದ್ದೆ. ಅದೇ ಅಧ್ಯಾಯದಲ್ಲಿ ಇನ್ನೊಂದು ವಾಕ್ಯವೂ ಇತ್ತು: 'ಹೋಗು' ಎಂಬ ಕ್ರಿಯಾಪದ ತಲುಪುವ ಜಾಗವೊಂದನ್ನು ಬೇಡುತ್ತದೆ, ವಾಕ್ಯದಲ್ಲಿ ಅದು ಇಲ್ಲದಿದ್ದರೆ ಸಂದರ್ಭದಿಂದ ಸಿಗಬೇಕು, ಸಿಗದಿದ್ದರೆ ಕೇಳುಗ ಎಲ್ಲಿಗೆ ಎಂದು ಕೇಳುತ್ತಾನೆ.

ಯುಗಾದಿಗೆ ಊರಿಗೆ ಹೋಗಿದ್ದೆ. ಅಜ್ಜಿಗೆ ನಡೆಯಲು ಆಗುತ್ತಿರಲಿಲ್ಲ, ನಡುಮನೆಯ ಮಂಚದಲ್ಲೇ ಇರುತ್ತಿದ್ದರು. ಹೊರಡುವ ದಿನ ಬೆಳಿಗ್ಗೆ ಬಸ್ಸಿಗೆ ತಡವಾಗಿತ್ತು. ಮೈಸೂರಿನ ರೈಲು ತಪ್ಪಿದರೆ ಮರುದಿನ ಗೈಡ್ ಜೊತೆಗಿನ ಭೇಟಿ ತಪ್ಪುತ್ತದೆ ಎಂಬ ಗಡಿಬಿಡಿಯಲ್ಲಿ ಬ್ಯಾಗು ಹೆಗಲಿಗೇರಿಸುತ್ತಾ "ಹೋಗ್ತೀನಿ ಅಜ್ಜಿ, ಬಸ್ಸು ಹೋಗಿಬಿಡುತ್ತೆ" ಅಂದು ಅಂಗಳಕ್ಕಿಳಿದೆ. ಒಳಗಿಂದ ಮಾಮೂಲಿನ ಮಾತು ಬಂತು, ಧ್ವನಿ ಮಾತ್ರ ಸಣ್ಣಗಾಗಿತ್ತು: "ಹಂಗನ್ಬಾರ್ದು ಕಣವ್ವ…" ನಾನು ಗೇಟಿನ ಹತ್ತಿರ ಇದ್ದೆ. ಅಲ್ಲಿಂದಲೇ "ಬರ್ತೀನಿ" ಎಂದು ಕೂಗಿದೆನೋ, ಕೂಗಬೇಕು ಅಂದುಕೊಂಡು ಓಡಿದೆನೋ, ಎಷ್ಟು ನೆನಪು ಮಾಡಿಕೊಂಡರೂ ನೆನಪಾಗುವುದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿದ್ದಾಗ ತಮ್ಮನ ವಾಟ್ಸಾಪ್ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದ ಎರಡೇ ಪದ. 'ಅಜ್ಜಿ ಹೋದ್ರು.'

ಕಡೂರಿನಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಕಾಲು ಗಟ್ಟಿಯಿದ್ದಾಗ ಅಜ್ಜಿ ಅರಸೀಕೆರೆಯಲ್ಲಿ ರೈಲು ಹತ್ತಿ ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇರುತ್ತಿದ್ದರು. ಅತ್ತೆ ಕಾರು ಮಾಡಿಕೊಂಡು ಬಂದು ಕರೆದೊಯ್ಯುತ್ತೇನೆ ಎಂದು ಆ ವಾರವೇ ಫೋನಿನಲ್ಲಿ ಹೇಳಿದ್ದರು. ನಾನು ಓದುತ್ತಿದ್ದ ಪುಟದಿಂದ ಪೂರ್ತಿ ಕಣ್ಣು ಕೀಳದೆ ಉತ್ತರಿಸಿದೆ: 'ಎಲ್ಲಿಗೆ? ಕಡೂರಿಗಾ?'

ಎರಡು ನೀಲಿ ಗೆರೆ ಮೂಡಿದವು. ಉತ್ತರ ಬರಲಿಲ್ಲ. ಐದು ನಿಮಿಷ ಬಿಟ್ಟು ತಮ್ಮ ಫೋನು ಮಾಡಿದ. ಮಾತು ಹೊರಡದೆ ಅಳುತ್ತಿದ್ದ.

ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ರಜೆಗೆ ಗೈಡ್‌ಗೆ ಮೇಲ್ ಕಳಿಸಬೇಕಿತ್ತು. ಇಂಗ್ಲಿಷಿನಲ್ಲಿ ಅಜ್ಜಿ ಎಂದು ಬರೆದೆ, ಮುಂದೆ ಕ್ರಿಯಾಪದ ಬರಲಿಲ್ಲ. ವೆಂಟ್ ಎಂದು ಟೈಪು ಮಾಡಿ ಅಳಿಸಿದೆ. ಆ ಭಾಷೆಯಲ್ಲಿ ವೆಂಟ್ ಎಂದು ಬರೆದರೆ ಎಲ್ಲಿಗೆ ಎಂದು ಕೇಳುವವರು ನಾನೊಬ್ಬಳೇ ಆಗಿರುವುದಿಲ್ಲ. ಗಾನ್ ಎಂದು ಬರೆದು ಅದನ್ನೂ ಅಳಿಸಿದೆ. ಕೊನೆಗೆ ಎಲ್ಲರೂ ಬರೆಯುವಂತೆ 'ಪಾಸ್ಡ್ ಅವೇ' ಎಂದು ಬರೆದೆ. ಅದೂ ಚಲನೆಯದೇ ಪದ. ಅದರ ಬೇರಿನಲ್ಲಿರುವುದು ಹೆಜ್ಜೆ ಎಂಬರ್ಥದ ಲ್ಯಾಟಿನ್ನಿನ 'ಪಾಸುಸ್'. ಆ ಹೊತ್ತಿನಲ್ಲೂ ತಲೆ ತನ್ನ ಪಾಡಿಗೆ ತಾನು ನಿಘಂಟಿನ ಪುಟ ತಿರುವುತ್ತಿತ್ತು ಎಂಬುದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. ಎರಡು ತಿಂಗಳಿಂದ ಮಂಚ ಬಿಟ್ಟು ಒಂದು ಹೆಜ್ಜೆ ಇಡದವರ ಬಗ್ಗೆ ಎಲ್ಲ ಭಾಷೆಗಳೂ ನಡೆದರು, ದಾಟಿದರು, ಹೋದರು ಎಂದೇ ಹೇಳುತ್ತವೆ.

ಊರು ತಲುಪುವಷ್ಟರಲ್ಲಿ ರಾತ್ರಿಯಾಗಿತ್ತು. ಮರುದಿನ ಮಣ್ಣು ಮಾಡಿದರು. ಬಂದವರೆಲ್ಲ ಅಜ್ಜಿಯ ಮಾತುಗಳನ್ನೇ ಆಡುತ್ತಿದ್ದರು. ಅಷ್ಟು ಹೊತ್ತಿಗೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಕುಳಿತಿದ್ದವರು ಒಬ್ಬೊಬ್ಬರೇ ಎದ್ದು, ಸೆರಗು ಸರಿಮಾಡಿಕೊಂಡು, ಟವೆಲ್ಲು ಕೊಡವಿಕೊಂಡು, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಯಾರೂ ಬರ್ತೀವಿ ಅನ್ನಲಿಲ್ಲ. ಹೋಗ್ತೀವಿ ಎಂದೂ ಅನ್ನಲಿಲ್ಲ. ಸಾವಿನ ಮನೆಯಲ್ಲಿ ಹೋಗಿ ಬರುತ್ತೇನೆ ಅನ್ನಬಾರದು, ಇಂಥದ್ದಕ್ಕೆ ಮತ್ತೆ ಬರುವಂತಾಗಬಾರದಲ್ಲ. ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ನಮ್ಮ ಮನೆಯ ಹೊಸಿಲನ್ನು ಜನ ಆ ಪದ ಹೇಳದೆ ದಾಟುವುದನ್ನು ನಾನು ಕಂಡದ್ದು ಅಂದೇ ಮೊದಲು. ಮಂಚದಿಂದ ಯಾರೂ ಕೂಗಿ ತಿದ್ದಲೂ ಇಲ್ಲ.

ಹನ್ನೊಂದನೇ ದಿನದ ತಿಥಿ ಮುಗಿಸಿ ಹೊರಟೆ. ಬ್ಯಾಗು ಹೆಗಲಿಗೇರಿಸಿ ಅಭ್ಯಾಸಬಲದಿಂದ ನಡುಮನೆಯ ಕಡೆ ತಿರುಗಿ ಬಾಯಿ ತೆರೆದೆ. ಅಮ್ಮ ಕೈಸನ್ನೆ ಮಾಡಿ, ಸುಮ್ಮನೆ ಹೊರಡು ಎಂದಳು. ತಮ್ಮ ಬೈಕಿನಲ್ಲಿ ಸ್ಟೇಷನ್ನಿಗೆ ಬಿಡಲು ಬಂದ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ನಾನೇ ಮಾತು ತೆಗೆದೆ. "ಅವತ್ತು ನಾನು ಹಾಗೆ ಕೇಳಬಾರದಿತ್ತು ಕಣೋ."

ಅವನು ಹಳಿಯನ್ನೇ ನೋಡುತ್ತಾ ಅಂದ: "ನೀನು ಎಲ್ಲಿಗೆ, ಕಡೂರಿಗಾ ಅಂದಾಗ ನಂಗೂ ಒಂದ್ನಿಮಿಷ ಹಂಗೇ ಅನ್ನಿಸ್ತು ಕಣಕ್ಕ. ಕಡೂರಿಗೇ ಹೋಗವ್ರೆ ಅಂತ. ಅದಕ್ಕೇ ತಕ್ಷಣ ಫೋನ್ ಮಾಡ್ಲಿಲ್ಲ."

ರೈಲು ಬಂತು. ಅವನಿಗೆ ಬರ್ತೀನಿ ಅಂದೆ. ಅದು ಸಾವಿನ ಮನೆಯಲ್ಲ, ಸ್ಟೇಷನ್ನು, ಅಲ್ಲಿ ಅನ್ನಬಹುದು.

ಮೈಸೂರಿಗೆ ಬಂದ ಮೇಲೆ ಮೂರನೇ ಅಧ್ಯಾಯದ ಆ ವಾಕ್ಯಕ್ಕೆ ಒಂದು ಅಡಿಟಿಪ್ಪಣಿ ಸೇರಿಸಿದೆ: 'ತಲುಪುವ ಜಾಗವನ್ನು ಹೇಳದ, ಕೇಳುಗರೂ ಕೇಳಬಾರದ ಬಳಕೆಯೊಂದು ಕನ್ನಡದಲ್ಲಿದೆ.' ಗೈಡ್ ಕರಡು ತಿದ್ದಿ ಹಿಂತಿರುಗಿಸಿದಾಗ ಆ ಸಾಲಿನ ಪಕ್ಕದಲ್ಲಿ ಕೆಂಪು ಇಂಕಿನ ಸುತ್ತು ಇತ್ತು. 'ಉದಾಹರಣೆ ಕೊಡಿ' ಎಂದು ಬರೆದಿದ್ದರು. ಅವರು ಕೇಳಿದ್ದು ಸರಿಯೇ. ಉದಾಹರಣೆ ಇಲ್ಲದೆ ಯಾವ ಮಾತನ್ನೂ ಒಪ್ಪಬಾರದು ಎಂದು ನಾನೂ ನನ್ನ ಮಕ್ಕಳಿಗೆ ಹೇಳುತ್ತೇನೆ.

ಎರಡೇ ಪದದ ವಾಕ್ಯ. ಕೆಳಗೆ ಪದಶಃ ಇಂಗ್ಲಿಷ್ ಅನುವಾದ ಕೊಡಬೇಕು, ಕಾಲ, ಲಿಂಗ, ವಚನ, ಗೌರವಸೂಚಕವನ್ನು ಬಿಡಿಸಿ ತೋರಿಸಬೇಕು. ಹತ್ತು ನಿಮಿಷದ ಕೆಲಸ. ಈ ವಾರ ಬರೆದು ಕೊಡಬೇಕು ಎಂದು ಪ್ರತಿ ವಾರ ಅಂದುಕೊಳ್ಳುತ್ತೇನೆ.